ಒತ್ತಕ್ಷರ

ಪೂನಂ ಓದುತ್ತಿದ್ದ ಪಾಠ ಒಂದು, ಅವಳ ಬೆರಳು ಓಡುತ್ತಿದ್ದ ಪುಟ ಇನ್ನೊಂದು. ವಿಶಾಖಾಳಿಗೆ ಇದು ಕೂಡಲೇ ಹೊಳೆಯಲಿಲ್ಲ. ಹುಡುಗಿ ಓದುವ ಧಾಟಿಯೇ ಹಾಗಿತ್ತು. ದನಿ ಎತ್ತಬೇಕಾದಲ್ಲಿ ಎತ್ತಿ, ನಿಲ್ಲಬೇಕಾದಲ್ಲಿ ನಿಂತು, ನಡುವೆ ಒಮ್ಮೆ ತಲೆಯೆತ್ತಿ ಎದುರಿಗಿದ್ದವರ ಕಣ್ಣು ನೋಡಿ ಮುಂದುವರಿಯುತ್ತಿದ್ದಳು. ಪುಟದ ತಳಕ್ಕೆ ಬಂದಾಗ ಹಾಳೆ ಮಗುಚಲೂ ಮರೆಯಲಿಲ್ಲ. ಮಗುಚಿದ ಹಾಳೆಯಲ್ಲಿ ಅರ್ಧ ಪುಟದಷ್ಟು ದೊಡ್ಡ ಅಣೆಕಟ್ಟಿನ ಚಿತ್ರವಿತ್ತು. ಪೂನಂಳ ಬಾಯಲ್ಲಿ ಮಾತ್ರ ರಾಜ ಇನ್ನೂ ಬೇಟೆಯಿಂದ ಅರಮನೆಗೆ ಮರಳುತ್ತಿದ್ದ.

"ಸಾಕು," ಎಂದಳು ವಿಶಾಖಾ. ಚೀಲದಿಂದ ಆ ದಿನದ ಪೇಪರು ತೆಗೆದು ಮೇಜಿನ ಮೇಲೆ ಹರಡಿದಳು. "ಇದನ್ನ ಜರಾ ಓದಿ ತೋರ್ಸು. ಇಲ್ಲಿಂದ."

ಪೂನಂ ಪೇಪರನ್ನು ಹತ್ತಿರಕ್ಕೆ ಎಳೆದುಕೊಂಡಳು, ದೂರ ಸರಿಸಿದಳು. ಆಮೇಲೆ ನಕ್ಕಳು. ವೇದಿಕೆಯ ಮೇಲೆ ನಿಂತು ಅಭ್ಯಾಸವಾದವರ ನಗು ಅದು.

"ಚಷ್ಮಾ ಮನ್ಯಾಗ ಬಿಟ್ಟು ಬಂದೀನ್ರಿ ಮೇಡಂ."

"ನಿನಗ ಚಷ್ಮಾ ಅದ ಏನು?"

ಹುಡುಗಿಯ ನಗು ಮುಖದ ಮೇಲೆ ಸ್ವಲ್ಪ ಹೊತ್ತು ಹಾಗೇ ಉಳಿದಿತ್ತು, ಮಾಲಕರು ಊರಿಗೆ ಹೋದ ಮನೆಯಲ್ಲಿ ಆರಿಸಲು ಮರೆತ ದೀಪದಂತೆ.

ಬಸವಕಲ್ಯಾಣದ ಆ ಪ್ರೌಢಶಾಲೆಯಲ್ಲಿ ಪೂನಂಳನ್ನು ಅರಿಯದವರಿರಲಿಲ್ಲ. ಹತ್ತನೆಯ ತರಗತಿ. ಭಾಷಣವಿರಲಿ, ವಚನ ಹೇಳುವುದಿರಲಿ, ಆಗಸ್ಟ್ ಹದಿನೈದಿರಲಿ, ಮೈಕಿನ ಮುಂದೆ ಅವಳೇ. ಶಾಲೆಯ ಕಪಾಟಿನಲ್ಲಿದ್ದ ಬಹುಮಾನದ ಢಾಲುಗಳಲ್ಲಿ ಅರ್ಧದಷ್ಟು ಅವಳು ತಂದವು. ಅಂಥ ಹುಡುಗಿ ಅರ್ಧವಾರ್ಷಿಕ ಪರೀಕ್ಷೆಯಲ್ಲಿ ಗಣಿತ ಬಿಟ್ಟರೆ ಉಳಿದೆಲ್ಲ ಉತ್ತರ ಪತ್ರಿಕೆಗಳನ್ನು ಹೆಚ್ಚುಕಡಿಮೆ ಖಾಲಿ ಕೊಟ್ಟಿದ್ದಳು. "ಸೊಕ್ಕೋ ಅಂಜಿಕಿಯೋ ತಿಳಿವಲ್ದು ನೋಡ್ರಿ," ಎಂದು ಹೆಡ್‌ಮಾಸ್ತರ ಸಂಜೀವಕುಮಾರ ತಲೆ ಕೆರೆದುಕೊಂಡು ವಿಶಾಖಾಳನ್ನು ಕರೆಸಿದ್ದರು. ತಾಲ್ಲೂಕಿನ ಶಾಲೆಗಳನ್ನು ತಿರುಗಿ, ಕಲಿಯಲು ತೊಡಕಿರುವ ಮಕ್ಕಳನ್ನು ಗುರುತಿಸಿ, ಅವರಿಗೇನು ಬೇಕೆಂದು ನೋಡಿ ವ್ಯವಸ್ಥೆ ಮಾಡುವುದು ವಿಶಾಖಾಳ ನೌಕರಿ. ಕಿವಿ ಕೇಳದವರು, ಕಣ್ಣು ಮಂಜಾದವರು, ಕಾಲು ಬಾರದವರು ಅವಳ ಕಣ್ಣಿಗೆ ಬೇಗ ಬೀಳುತ್ತಿದ್ದರು. ಆದರೆ ಹತ್ತು ವರ್ಷ ಎಲ್ಲರ ಎದುರಿಗೇ ನಿಂತು, ಮಾತಾಡಿ ಮಾತಾಡಿಯೇ ಬಚ್ಚಿಟ್ಟುಕೊಂಡಿದ್ದ ಹುಡುಗಿಯನ್ನು ಅವಳು ಕಂಡದ್ದು ಇದೇ ಮೊದಲು.

ಪೂನಂ ಬಾಯಿಬಿಡಲು ತುಸು ಹೊತ್ತು ಹಿಡಿಯಿತು. ಬಾಯಿಬಿಟ್ಟ ಮೇಲೆ ಅವಳನ್ನು ನಿಲ್ಲಿಸುವುದೇ ಕಷ್ಟವಾಯಿತು.

"ಅಕ್ಷರ ಒಂದೊಂದೇ ಇದ್ರ ತಿಳೀತಾವ್ರಿ. ಒತ್ತಕ್ಷರ ಬಂತಂದ್ರ ಸಾಲೇ ಕೆಳಗ ಜಾರತದ. ಅದನ್ನ ಹಿಡಿಲಿಕ್ಕೆ ಹೋದ್ರ ಮುಂದಿಂದು ಎಲ್ಲಿತ್ತಂತ ಸಿಗಂಗಿಲ್ಲ. ಪ ಯಾವುದು, ವ ಯಾವುದು, ಷ ಯಾವುದು... ನಿನ್ನೆ ಗುರುತಿದ್ದದ್ದು ಇವತ್ತು ಗುರುತಿರಂಗಿಲ್ಲ. ಗೆಳತಿ ಒಬ್ಬಾಕಿ ಜೋರಾಗಿ ಓದ್ತಾಳ, ನಾ ಕೇಳ್ತೀನಿ. ಒಂದ್ಸಲ ಕೇಳಿದ್ರ ಸಾಕ್ರಿ, ಬಿಡಂಗಿಲ್ಲ." ತಡೆದು, ದನಿ ತಗ್ಗಿಸಿ ಕೇಳಿದಳು: "ನಾ ಹುಚ್ಚಿ ಇದ್ದೀನೇನ್ರಿ ಮೇಡಂ?"

"ಹುಚ್ಚಿ ಅಲ್ಲ. ಇದಕ್ಕ ಹೆಸರದ," ಎಂದಳು ವಿಶಾಖಾ. "ನಿನ್ನಂಥವರು ಭಾಳ ಮಂದಿ ಇದ್ದಾರ. ಸರ್ಕಾರದಾಗ ಇದಕ್ಕ ವ್ಯವಸ್ಥೆನೂ ಅದ. ನೀ ಹೇಳಬೇಕು, ಇನ್ನೊಬ್ಬರು ಬರೀತಾರ. ಟೈಮು ಜಾಸ್ತಿ ಸಿಗ್ತದ."

ಪೂನಂ ಅವಳನ್ನೇ ನೋಡಿದಳು. "ಹೆಸರದ?" ಎಂದಳು ಮತ್ತೊಮ್ಮೆ. ಆ ದನಿಯಲ್ಲಿ ಸಮಾಧಾನವಿತ್ತೋ ಹೆದರಿಕೆಯಿತ್ತೋ ವಿಶಾಖಾಳಿಗೆ ತಿಳಿಯಲಿಲ್ಲ.

ಸಂಜೆ ಮನೆಗೆ ಮರಳುವ ಹುಮನಾಬಾದಿನ ಬಸ್ಸಿನಲ್ಲಿ ವಿಶಾಖಾಳಿಗೆ ಸೀಟು ಸಿಕ್ಕರೂ ಕೂರಲಾಗಲಿಲ್ಲ. ಸಸ್ತಾಪುರ ಬಂಗ್ಲಾ ದಾಟಿ ಬಸ್ಸು ಹೆದ್ದಾರಿ ಹಿಡಿದಾಗ ಎದ್ದು ಬಾಗಿಲ ಕಡೆ ಬಂದು ನಿಂತಳು. ನೌಕರಿಯ ಜೊತೆಗೆ ಅವಳು ಕಲಬುರಗಿಯಲ್ಲಿ ಪಿಎಚ್‌ಡಿ ಮಾಡುತ್ತಿದ್ದಳು. 'ವಿದ್ಯಾರ್ಥಿಗಳ ಅಸ್ಮಿತೆ ಮತ್ತು ಕಲಿಕಾ ಅಗತ್ಯಗಳ ಗುರುತಿಸುವಿಕೆ' ಎಂಬ ವಿಷಯ. ಮೂರು ವರ್ಷದಿಂದ ಎಳೆಯುತ್ತಿದ್ದ ಪ್ರಬಂಧಕ್ಕೆ ಇಲ್ಲಿಯವರೆಗೆ ಜೀವ ಬಂದಿರಲಿಲ್ಲ. ಗೈಡ್ ಮೇಡಂಗೆ ಅಲ್ಲಿಂದಲೇ ಫೋನು ಹಚ್ಚಿದಳು. ಅವರು ಎಲ್ಲ ಕೇಳಿ, "ವಿಶಾಖಾ, ಇದೇ ನಿಮ್ಮ ಪ್ರಬಂಧದ ನಡುಗಂಬ ನೋಡ್ರಿ. ಬಿಡಬ್ಯಾಡ್ರಿ," ಎಂದರು. ಫೋನು ಇಟ್ಟ ಮೇಲೆ ಅವಳಿಗೆ ಸಂತೋಷವಾಯಿತು. ಮರುಗಳಿಗೆ, ತಾನು ಸಂತೋಷಪಟ್ಟದ್ದು ಯಾರಿಗಾಗಿ ಎಂಬ ಪ್ರಶ್ನೆ ಎದ್ದು ಸಂತೋಷ ಅಲ್ಲೇ ಕಲಕಿಹೋಯಿತು. ರಾಜೇಶ್ವರದಲ್ಲಿ ಜನ ಇಳಿದು ಸೀಟು ಖಾಲಿಯಾದವು. ಅವಳು ನಿಂತೇ ಇದ್ದಳು.

ಪೂನಂಳ ಅಪ್ಪ ಧನರಾಜನದು ಗಾಂಧಿ ಚೌಕದ ಬಳಿ ಬಟ್ಟೆಯಂಗಡಿ. ಮರುವಾರ ವಿಶಾಖಾ ಅಲ್ಲಿಗೆ ಹೋದಾಗ ಆತ ಗಾದಿಯ ಮೇಲೆ ಕುಳಿತು ಸೀರೆ ಮಡಚುತ್ತಿದ್ದ. ಹಣೆಯಲ್ಲಿ ವಿಭೂತಿ, ಬಿಳಿ ಅಂಗಿ, ಮೃದು ಮಾತಿನ ಮನುಷ್ಯ. "ಶರಣ್ರಿ, ಬರ್ರಿ ಮೇಡಂ," ಎಂದು ಸ್ಟೂಲು ಹಾಕಿಸಿದ, ಚಹಾ ತರಿಸಿದ. ಮಗಳ ಢಾಲುಗಳ ವಿಷಯ ತಾನೇ ತೆಗೆದ. ವಿಶಾಖಾ ನಿಧಾನವಾಗಿ, ತಿಳಿಯುವಂತೆ ಎಲ್ಲ ಹೇಳಿದಳು. ಬೀದರಿನ ಸರ್ಕಾರಿ ದವಾಖಾನೆಯಲ್ಲಿ ಪರೀಕ್ಷೆ ಮಾಡಿಸಬೇಕು, ಅವರು ಸರ್ಟಿಫಿಕೇಟು ಕೊಡುತ್ತಾರೆ, ಅದನ್ನು ಬೋರ್ಡಿಗೆ ಕಳಿಸಿದರೆ ಬರೆಯಲು ಒಬ್ಬ ಸಹಾಯಕಿ ಸಿಗುತ್ತಾಳೆ.

ಧನರಾಜ ಸೀರೆ ಮಡಚುವುದನ್ನು ನಿಲ್ಲಿಸಲಿಲ್ಲ. "ಸರ್ಟಿಫಿಕೇಟಿನಾಗ ಏನಂತ ಬರೀತಾರ್ರಿ?"

"ಕಲಿಕಾ ನ್ಯೂನತೆ ಅಂತ."

"ಅಂದ್ರ ಅಂಗವಿಕಲರ ಲೆಕ್ಕದಾಗ."

"ಕಾಯ್ದೆ ಪ್ರಕಾರ ಹೌದ್ರಿ. ಆದ್ರ..."

"ಮೇಡಂ, ನಿಮ್ಮ ಊರು ಯಾವುದಾತ್ರಿ?"

ವಿಶಾಖಾಳಿಗೆ ಪ್ರಶ್ನೆ ಎತ್ತ ಹೊರಟಿದೆಯೆಂದು ಗೊತ್ತಾಯಿತು. "ಮಂಠಾಳ್ರಿ."

"ಹಾಂ, ನಮ್ಮ ಬೀಗರದಾರಲ್ಲ ಅಲ್ಲಿ. ಮಂಠಾಳದಾಗ ಯಾವ ಓಣಿ?"

ಅವಳು ಓಣಿಯ ಹೆಸರು ಹೇಳಿದಳು. ಧನರಾಜನ ಮುಖದಲ್ಲಿ ಏನೂ ಬದಲಾಗಲಿಲ್ಲ. ದನಿ ಮೊದಲಿಗಿಂತ ಮೃದುವಾಯಿತು ಅಷ್ಟೇ.

"ತಪ್ಪು ತಿಳೀಬ್ಯಾಡ್ರಿ. ನೀವು ಚೊಲೋದಕ್ಕೇ ಹೇಳಾಕತ್ತೀರಿ. ಆದ್ರ ಈ ಸರ್ಟಿಫಿಕೇಟು ಅಂಬೋದು ನಿಮ್ಮ ಮಂದಿಗೆ ರೂಢಿ ಇರ್ತದ. ನಮಗಿಲ್ಲ. ನಾಳೆ ನಾಲ್ಕು ಕಡೆಯಿಂದ ಸಂಬಂಧ ಕೇಳಿಕೊಂಡು ಬರವರು. ಹುಡುಗಿ ಮ್ಯಾಲ ಒಂದ್ಸಲ ಹೆಸರು ಕೂತ್ರ ಎದ್ದು ಹೋಗ್ತದೇನ್ರಿ? ಫೇಲಾದ್ರ ಆಗಲಿ. ಫೇಲಾದವರು ಊರಾಗ ಭಾಳ ಮಂದಿ ಇದ್ದಾರ."

ಚಹಾ ಅರ್ಧ ಉಳಿದಿತ್ತು. ವಿಶಾಖಾ ಅದನ್ನು ಪೂರ್ತಿ ಕುಡಿದೇ ಎದ್ದಳು. ಬಿಟ್ಟು ಎದ್ದರೆ ಸಿಟ್ಟು ತೋರಿಸಿದಂತಾದೀತೆಂದು ಕುಡಿದಳು. ಬೀದಿಗೆ ಬಂದ ಮೇಲೆ ನಾಲಿಗೆ ಸುಟ್ಟಿರುವುದು ಗೊತ್ತಾಯಿತು.

ಆ ದಿನವೆಲ್ಲ ಅವಳು ಧನರಾಜನಿಗೆ ಹೇಳಬೇಕಾಗಿದ್ದ ಉತ್ತರಗಳನ್ನು ಕಟ್ಟಿದಳು. ಬಸ್ಸಿನಲ್ಲಿ ಕಟ್ಟಿದಳು, ರೊಟ್ಟಿ ಬಡಿಯುವಾಗ ಕಟ್ಟಿದಳು. ಒಂದಕ್ಕಿಂತ ಒಂದು ಚೂಪು. ಹುಮನಾಬಾದಿನ ಬಸ್ ಡಿಪೋದಲ್ಲಿ ಮೆಕ್ಯಾನಿಕ್ ಆಗಿದ್ದ ಗಂಡ ಅಜೀತ ಎರಡು ಸಲ ಪಲ್ಯ ಕೇಳಿ, ಕೊನೆಗೆ ತಾನೇ ಎದ್ದು ಬಡಿಸಿಕೊಂಡ. "ಏನಾಗ್ಯದ ನಿನಗ? ಒಂದ್ಕಡಿ ಕೂತು ಉಣಬಾರದೇನು?" ಎಂದ. "ಏನಿಲ್ಲ," ಎಂದಳು. ಧನರಾಜನ ಮಾತನ್ನು ಗಂಡನ ಎದುರು ಮತ್ತೊಮ್ಮೆ ಆಡಲೂ ಅವಳಿಗೆ ಮನಸ್ಸಾಗಲಿಲ್ಲ.

ಅದೇ ವಾರದ ಕೊನೆಗೆ ಹುಮನಾಬಾದಿನಲ್ಲಿ ಶಿಕ್ಷಕರ ತರಬೇತಿ ಇತ್ತು. ಬಸವಕಲ್ಯಾಣ, ಹುಮನಾಬಾದ ಎರಡೂ ತಾಲ್ಲೂಕುಗಳ ಶಿಕ್ಷಕರು ಬಂದಿದ್ದರು. ಮಧ್ಯಾಹ್ನದ ಊಟವಾದ ಮೇಲಿನ ಅವಧಿ ವಿಶಾಖಾಳದು. ಫ್ಯಾನಿನ ಕೆಳಗೆ ಅರ್ಧ ಜನ ತೂಕಡಿಸುತ್ತಿದ್ದರು, ಉಳಿದರ್ಧ ಮೊಬೈಲು ನೋಡುತ್ತಿದ್ದರು. ಅವಳು ತಯಾರಿಸಿಕೊಂಡು ಬಂದಿದ್ದ ಮಾತುಗಳು ಗಾಳಿಗೆ ಹೋಗುತ್ತಿದ್ದವು. ಆಗ ಅವಳು ಹಾಳೆ ಬದಿಗಿಟ್ಟು, "ಒಬ್ಬ ಹುಡುಗಿ ಇದ್ದಾಳ," ಎಂದು ಶುರು ಮಾಡಿದಳು.

ಹೆಸರು ಹೇಳಲಿಲ್ಲ. ಶಾಲೆಯ ಹೆಸರೂ ಹೇಳಲಿಲ್ಲ. ಆದರೆ ಉಳಿದದ್ದನ್ನೆಲ್ಲ ಹೇಳಿದಳು. ಮೈಕು, ಢಾಲುಗಳು, ಪುಸ್ತಕದಲ್ಲಿ ಅಣೆಕಟ್ಟು, ಬಾಯಲ್ಲಿ ರಾಜ, ಮನೆಯಲ್ಲಿ ಬಿಟ್ಟುಬಂದ ಇಲ್ಲದ ಚಷ್ಮಾ. ಜನ ಎಚ್ಚರಾದರು, ಮೊಬೈಲು ಕೆಳಗಿಟ್ಟರು. ಅವರು ನಕ್ಕಾಗ ಅವಳೂ ನಕ್ಕಳು. "ಅವರಪ್ಪ ಏನಂದ ಗೊತ್ತೇನ್ರಿ," ಎಂದು ಧನರಾಜನ ಮೃದು ದನಿಯನ್ನು ಹಾಗೇ ತೆಗೆದು ಆಡಿ ತೋರಿಸಿದಳು. ಸಭೆ ಗೊಳ್ಳೆಂದಿತು. ಆ ಗಳಿಗೆಯಲ್ಲಿ ಅವಳ ಮೈಯೊಳಗೆ ದಿನಗಟ್ಟಲೆ ಕುದಿಯುತ್ತಿದ್ದುದೇನೋ ಹೊರಗೆ ಚೆಲ್ಲಿ ಹಗುರವಾಯಿತು. ಕೊನೆಗೆ ಎಲ್ಲರೂ ಚಪ್ಪಾಳೆ ತಟ್ಟಿದರು.

ಚಹಾದ ಹೊತ್ತಿಗೆ ಬಸವಕಲ್ಯಾಣದ ಶಿಕ್ಷಕ ಶ್ರೀಮಂತ ಹತ್ತಿರ ಬಂದ. ಅವನ ಮಗಳೂ ಪೂನಂಳ ಶಾಲೆಯಲ್ಲೇ ಹತ್ತನೆಯ ತರಗತಿಯಲ್ಲಿದ್ದಳು. "ಭಾರಿ ಹೇಳಿದ್ರಿ ಮೇಡಂ," ಎಂದು ಕಣ್ಣು ಮಿಟುಕಿಸಿದ. "ಯಾರಂತ ನಾ ಕೇಳಂಗಿಲ್ರಿ. ಬಟ್ಟಿ ಅಂಗಡಿ ಧನರಾಜರ ದನಿ ಬರಾಬರ್ ತೆಗೆದ್ರಿ ನೋಡ್ರಿ!"

ವಿಶಾಖಾ ಚಹಾ ಕುಡಿಯದೆ ಕಪ್ಪನ್ನು ಕೆಳಗಿಟ್ಟಳು.

"ಹೆಸರಂತೂ ಹೇಳಿಲ್ಲಲ್ಲ ನೀ?" ಎಂದ ಅಜೀತ, ಅಂದು ಅವಳು ಎಲ್ಲ ಹೇಳಿದಾಗ. "ಹೇಳಿಲ್ಲ," ಎಂದಳು. "ಮತ್ತ್ಯಾಕ ಪರೇಶಾನಿ?" ಅವಳಿಗೆ ಉತ್ತರ ಗೊತ್ತಿತ್ತು. ತಾನು ಆ ಕತೆ ಹೇಳಿದ್ದು ಶಿಕ್ಷಕರಿಗೆ ತಿಳಿಯಲೆಂದಲ್ಲ, ಅಂಗಡಿಯ ಗಾದಿಯ ಮೇಲೆ ಕೂತವನನ್ನು ಮಂದಿಯ ಎದುರು ಕೆಳಗಿಳಿಸಲಿಕ್ಕೆ. ಇಳಿಸಿಯೂ ಆಗಿತ್ತು. ಆದರೆ ಇಳಿಸುವಾಗ ಕೈಗೆ ಸಿಕ್ಕದ್ದು ಅವನ ಮಗಳು.

ಮುಂದಿನ ವಾರ ಅವಳು ಶಾಲೆಗೆ ಹೋದಾಗ ಪೂನಂ ಇರಲಿಲ್ಲ. "ಬರಾದು ಬಿಟ್ಟಾಳ್ರಿ," ಎಂದರು ಸಂಜೀವಕುಮಾರ. ಯಾರೋ ಹುಡುಗರು ಪೇಪರನ್ನು ತಲೆಕೆಳಗಾಗಿ ಹಿಡಿದು ಅವಳ ಮುಂದೆ ಓದುವ ನಾಟಕ ಆಡಿದರಂತೆ. ಗಣರಾಜ್ಯೋತ್ಸವದ ಭಾಷಣಕ್ಕೂ ಅವಳು ಹೆಸರು ಕೊಟ್ಟಿಲ್ಲ. "ಹ್ಯಾಂಗ ಗೊತ್ತಾಯ್ತೋ ಏನೋ ಮಂದಿಗೆ," ಎಂದು ಅವರು ವಿಶಾಖಾಳ ಮುಖ ನೋಡದೆ ಹೇಳಿದರು.

ಪ್ರೇಕ್ಷಣೀಯವೆಂದು ಹೊರಗಿನವರು ಬಂದು ನೋಡುವ ಕೋಟೆಯ ಹಾದಿಯಲ್ಲಿ, ಕರಿಕಲ್ಲಿನ ಹಳೆಯ ಮನೆ ಧನರಾಜನದು. ವಿಶಾಖಾ ಒಮ್ಮೆ ಬಾಗಿಲವರೆಗೆ ಹೋಗಿ ತಿರುಗಿ ಬಂದಳು. ಮೂಲೆಯ ಹೋಟೆಲಿನ ತನಕ ನಡೆದು, ಮತ್ತೆ ಬಂದು, ಬೆಲ್ಲು ಒತ್ತಿದಳು. ಬಾಗಿಲು ತೆರೆದದ್ದು ಪೂನಂಳ ಅಜ್ಜಿ ಸೂಗಮ್ಮ. ಮುದುಕಿ ಅವಳನ್ನು ಮೇಲಿನಿಂದ ಕೆಳಗಿನವರೆಗೆ ನೋಡಿದಳು.

"ನೀನೇ ಏನವ್ವ ಆ ಮೇಡಂ?"

"ಹೌದ್ರಿ ಆಯಿ."

"ನಮ್ಮ ಕೂಸು ಉಣಲಾರ್ದಂಗ ಮಾಡಿದಾಕಿ."

ವಿಶಾಖಾ ತಲೆ ತಗ್ಗಿಸಿದಳು. ಸೂಗಮ್ಮ ಬಾಗಿಲಿಗೆ ಅಡ್ಡ ನಿಂತೇ ಇದ್ದಳು. "ಆಕಿ ಮೂರು ವರ್ಷದಾಕಿ ಇದ್ದಾಗಿಂದ ನನ್ನ ತೊಡಿ ಮ್ಯಾಲ ಕೂತು ವಚನ ಕಲ್ತಾಳ. ನನಗೂ ಓದಾಕ ಬರಂಗಿಲ್ಲ, ಕಿವೀಲೇ ಕೇಳಿ ಕಲ್ತೀನಿ. ಮಂದಿ ನನ್ನ ಕರೆದು ಕೂಡ್ಸಿ ಹೇಳಸ್ತಾರ. ನನಗ ಯಾರೂ ಅಂಗವಿಕಲಿ ಅಂದಿಲ್ಲ. ಈ ಕೂಸಿಗೆ ಯಾಕ ಅಂತೀರಿ?"

ಇದಕ್ಕೆ ಹೇಳಬಹುದಾದ ಉತ್ತರ ವಿಶಾಖಾಳ ಪ್ರಬಂಧದಲ್ಲಿತ್ತು. ಅದು ಈ ಹೊಸ್ತಿಲಿಗೆ ಹೊಂದುವ ಮಾತಾಗಿರಲಿಲ್ಲ. ಅಷ್ಟರಲ್ಲಿ ಒಳಗಿನಿಂದ, "ಒಳಗ ಬರಲಿ ಬಿಡು ಆಯಿ," ಎಂಬ ದನಿ ಕೇಳಿತು.

ಪೂನಂ ಪಡಸಾಲೆಯ ಕಂಬಕ್ಕೆ ಒರಗಿ ನಿಂತಿದ್ದಳು. ಕಣ್ಣ ಕೆಳಗೆ ಕಪ್ಪಾಗಿತ್ತು. ಅಂಗಡಿಯಿಂದ ಊಟಕ್ಕೆ ಬಂದಿದ್ದ ಧನರಾಜ ಆ ಕಡೆ ಅಡುಗೆಮನೆಯ ಬಾಗಿಲಲ್ಲಿ ಕೈ ಒರೆಸುತ್ತ ನಿಂತವನು ಬಾ ಎನ್ನಲಿಲ್ಲ, ಹೋಗು ಎನ್ನಲಿಲ್ಲ.

"ಮೇಡಂ, ನೀವು ನನ್ನ ಕತಿ ಹೇಳಿದ್ರಂತ," ಎಂದಳು ಪೂನಂ. "ಚೊಲೋ ಹೇಳಿದ್ರೇನು? ಮಂದಿ ಚಪ್ಪಾಳಿ ಹೊಡದ್ರೇನು?"

"ಹೊಡದ್ರು."

"ನಾ ಹೇಳಿದ್ರ ನಿಮಗಿಂತ ಜಾಸ್ತಿ ಹೊಡೀತಿದ್ರು."

"ಹೌದು. ಅದು ನಿನ್ನ ಮಾತು. ನಿನ್ನ ಕೇಳದ ನಾ ಆಡಬಾರದಾಗಿತ್ತು. ಮತ್ತ..." ವಿಶಾಖಾ ಧನರಾಜನ ಕಡೆ ತಿರುಗಿದಳು. "ನಿಮ್ಮ ಮ್ಯಾಲಿನ ಸಿಟ್ಟಿಗೆ ಆಡೀನಿ. ತಪ್ಪಾತು."

ಅಂಗಳದ ನಳದಿಂದ ನೀರು ತೊಟ್ಟಿಕ್ಕುತ್ತಿತ್ತು. ಧನರಾಜ ಒರೆಸಿ ಒಣಗಿದ್ದ ಕೈಯನ್ನೇ ಮತ್ತೆ ಒರೆಸಿದ. ಪೂನಂ ಒಂದು ಹೆಜ್ಜೆ ಮುಂದೆ ಬಂದಳು.

"ಒಂದ್ ಕೇಳ್ತೀನಿ, ಸಿಟ್ಟಾಗಬ್ಯಾಡ್ರಿ. ನಿಮ್ಮ ಹತ್ರ ಜಾತಿ ಸರ್ಟಿಫಿಕೇಟು ಅದ ಅಂತ ಪಪ್ಪಾ ಅನ್ನಾಕತ್ತಿದ್ರು. ಅದು ಇದ್ರ ಹ್ಯಾಂಗ ಅನಸ್ತದ್ರಿ?"

"ಏ ಹುಡುಗಿ!" ಎಂದು ಸೂಗಮ್ಮ ಗದರಿದಳು. ಧನರಾಜನ ಕೈ ನಿಂತುಬಿಟ್ಟಿತು.

ಇಷ್ಟು ವರ್ಷ ವಿಶಾಖಾ ಎಷ್ಟೋ ಮಕ್ಕಳನ್ನು ಎದುರಿಗೆ ಕೂರಿಸಿಕೊಂಡು, ನಿನಗೆ ಹೇಗನಿಸುತ್ತದೆ ಎಂದು ಕೇಳಿದ್ದಳು. ಅವಳನ್ನು ಯಾರೂ ಕೇಳಿರಲಿಲ್ಲ.

"ಹತ್ತನೇದಾಗ ಸ್ಕಾಲರ್‌ಶಿಪ್ಪಿನವರು ಎದ್ದು ನಿಂದರ್ರಿ ಅಂತ ಸರ್ ಅಂತಿದ್ರು," ಎಂದಳು ಕೊನೆಗೆ. "ಎದ್ದು ನಿಂತ್ರ ಕಿವಿ ಬಿಸಿ ಆಗತಿದ್ದು. ಒಂದ್ಸಲ ಏಳದೇ ಕೂತೆ. ಆ ವರ್ಷ ಸ್ಕಾಲರ್‌ಶಿಪ್ಪು ಬರಲಿಲ್ಲ, ನಮ್ಮವ್ವ ನನಗ ಬೈಯಲೂ ಇಲ್ಲ, ಸುಮ್ಮನ ಕೂಲಿಗೆ ಹೋದಳು. ಕಾಲೇಜಿಗೆ ಹೋಗುವಾಗ ಸರ್ಟಿಫಿಕೇಟು ಫೈಲಿನಾಗ ಎಲ್ಲಾದಕ್ಕಿಂತ ಕೆಳಗ ಇಡ್ತಿದ್ದೆ. ಈಗೀಗ ಮ್ಯಾಲೇ ಇಡ್ತೀನಿ. ಆದ್ರೂ ಯಾವ ಓಣಿ ಅಂತ ಯಾರರೆ ಕೇಳಿದ್ರ ಮತ್ತ ಆ ಕ್ಲಾಸಿನಾಗ ಎದ್ದು ನಿಂತಂಗ ಆಗ್ತದ. ಹೋಗ್ತದಂತ ನಿನಗ ಸುಳ್ಳು ಹೇಳಂಗಿಲ್ಲ. ಆದ್ರ ಆ ಕಾಗದ ನನ್ನ ಬಗ್ಗೆ ಎಲ್ಲಾ ಹೇಳಂಗಿಲ್ಲ, ಪೂನಂ. ಬಾಗಿಲು ತೆಗೀತದ, ಅಷ್ಟೇ. ಒಳಗ ಹೋಗಿ ಮಾತಾಡಾಕಿ ನಾನೇ."

"ಬೀದರಿಗೆ ಯಾವತ್ತು ಹೋಗಬೇಕ್ರಿ?" ಎಂದಳು ಪೂನಂ.

"ಪಪ್ಪಾನ ಕೇಳು ಮೊದಲ," ಎಂದಳು ಸೂಗಮ್ಮ.

ಹುಡುಗಿ ಅಪ್ಪನ ಕಡೆ ನೋಡಿದಳು. ಧನರಾಜ ಟವೆಲನ್ನು ಹೆಗಲಿಗೆ ಹಾಕಿಕೊಂಡು, ಅಂಗಡಿಗೆ ಹೊತ್ತಾಯಿತೆಂದು ಹೊರಟ. ಚಪ್ಪಲಿ ಮೆಟ್ಟುವಾಗ, ಯಾರಿಗೆಂದಿಲ್ಲದೆ, "ಸೋಮವಾರ ಅಂಗಡಿ ಬಂದ್ ಇರ್ತದ," ಎಂದ.

ಅಂದು ವಿಶಾಖಾ ಕಲಬುರಗಿಗೆ ಫೋನು ಮಾಡಿ ಪ್ರಬಂಧದಿಂದ ಪೂನಂಳ ಅಧ್ಯಾಯ ತೆಗೆದುಹಾಕುತ್ತಿರುವುದಾಗಿ ಹೇಳಿದಳು. "ಹೆಸರು ಬದಲಾಸ್ರಿ, ಸಾಕು. ಎಲ್ಲರೂ ಹಾಂಗೇ ಮಾಡ್ತಾರ," ಎಂದರು ಗೈಡ್ ಮೇಡಂ. "ನಮ್ಮ ಊರಾಗ ಹೆಸರು ಬದಲಾಸಿದ್ರ ಸಾಲಂಗಿಲ್ರಿ," ಎಂದಳು. ಪ್ರಬಂಧ ಇನ್ನೊಂದು ವರ್ಷ ಹಿಂದೆ ಬಿತ್ತೆಂದು ಇಬ್ಬರಿಗೂ ಗೊತ್ತಿತ್ತು. ಒಳ್ಳೆಯದು ಮಾಡಿದೆನೆಂಬ ನೆಮ್ಮದಿಯೇನೂ ಅವಳಿಗೆ ಬರಲಿಲ್ಲ. ಹಾಳೆಗಳನ್ನು ಕಪಾಟಿನಲ್ಲಿಟ್ಟಳು, ತೆಗೆದಳು, ಓದದೆ ಮತ್ತೆ ಇಟ್ಟಳು.

ಬೀದರಿನ ದವಾಖಾನೆಗೆ ಪೂನಂ, ಧನರಾಜ, ವಿಶಾಖಾ ಮೂವರೂ ಹೋದರು. ಒಂದು ಸಲಕ್ಕೆ ಮುಗಿಯಲಿಲ್ಲ. ಡಾಕ್ಟರು ರಜೆಯೆಂದು, ಸಹಿ ಬಾಕಿಯೆಂದು ಮತ್ತೆ ಮತ್ತೆ ಹೋಗಬೇಕಾಯಿತು. ಕುರುಡರು, ಕುಂಟರು, ತೊಟ್ಟಿಲಿನಂಥ ತೋಳಲ್ಲಿ ಮಗುವನ್ನು ಹೊತ್ತ ತಾಯಂದಿರು ಕೂತ ಬೆಂಚಿನ ಸಾಲಿನಲ್ಲಿ ಧನರಾಜ ಕೂರಲಿಲ್ಲ. ದೂರದ ಕಿಟಕಿಯ ಬಳಿ, ಯಾರನ್ನೋ ನೋಡಲು ಬಂದವನಂತೆ ನಿಂತಿದ್ದ. ಹುಮನಾಬಾದಿನ ಒಬ್ಬ ವ್ಯಾಪಾರಿ ಗುರುತು ಹಿಡಿದು ಏನು ಬಂದಿರಿ ಎಂದಾಗ, "ಮಗಳ ಕಣ್ಣು ತೋರ್ಸಾಕ," ಎಂದ. ಪೂನಂ ಬೆಂಚಿನ ಮೇಲಿಂದ ಅದನ್ನು ಕೇಳಿಸಿಕೊಂಡಳು. ವಿಶಾಖಾಳೂ ಕೇಳಿಸಿಕೊಂಡಳು. ಇಬ್ಬರೂ ಒಬ್ಬರನ್ನೊಬ್ಬರು ನೋಡಿಕೊಳ್ಳಲಿಲ್ಲ.

ಬರೆಯಲು ತಹಸೀನ್ ಎಂಬ ಒಂಬತ್ತನೆಯ ತರಗತಿಯ ಹುಡುಗಿ ಸಿಕ್ಕಳು. ಇನ್ನೊಂದು ಶಾಲೆಯವಳು, ಮಾತು ಕಡಿಮೆ. ಅಭ್ಯಾಸಕ್ಕೆಂದು ಕೂರಿಸಿದಾಗ ಮೊದಮೊದಲು ಜಗಳವೇ ಆಯಿತು. ಪೂನಂ ಭಾಷಣದ ವೇಗದಲ್ಲಿ ಹೇಳಿಬಿಡುತ್ತಿದ್ದಳು. "ಅಕ್ಕಾ, ಜರಾ ನಿಲ್ಲು, ನನಗ ಎರಡೇ ಕೈ ಅವ," ಎಂದು ತಹಸೀನ್ ಪೆನ್ನು ಎಸೆದು ಕೂರುತ್ತಿದ್ದಳು. ಬರುಬರುತ್ತ ಪೂನಂ ಒಂದು ವಾಕ್ಯ ಹೇಳಿ, ಇನ್ನೊಬ್ಬಳ ಪೆನ್ನು ಸಾಲಿನ ಕೊನೆ ಮುಟ್ಟುವವರೆಗೆ ತಡೆಯುವುದನ್ನು ಕಲಿತಳು.

ಪರೀಕ್ಷೆಯ ಮೊದಲ ದಿನ ಕನ್ನಡ. ಕೇಂದ್ರದ ಗೇಟಿನ ಹೊರಗೆ ಪೊಲೀಸರು ಹಗ್ಗ ಕಟ್ಟಿದ್ದರು. ಹಗ್ಗದ ಈಚೆ ಬೇವಿನ ಮರದ ಕೆಳಗೆ ತಂದೆತಾಯಿಯರ ಗುಂಪು. ವಿಶಾಖಾ ಬೆಳಗಿನ ಬಸ್ಸಿಗೇ ಬಂದಿದ್ದಳು. ಬಂದವಳಿಗೆ ನಿಂತಲ್ಲಿ ನಿಲ್ಲಲಾಗುತ್ತಿರಲಿಲ್ಲ. ಧನರಾಜ ಮೋಟರ್‌ಸೈಕಲ್ಲಿಗೆ ಒರಗಿ ಮೊಬೈಲು ನೋಡುತ್ತಿದ್ದ. ಇಬ್ಬರ ನಡುವೆ ನಾಲ್ಕು ಜನ ನಿಲ್ಲುವಷ್ಟು ಜಾಗವಿತ್ತು.

ಶ್ರೀಮಂತ ತನ್ನ ಮಗಳನ್ನು ಒಳಗೆ ಬಿಟ್ಟು ಬಂದವನು ನೇರವಾಗಿ ಆ ಜಾಗಕ್ಕೆ ಬಂದು ನಿಂತ. "ಏನ್ರಿ ಧನರಾಜಪ್ಪ, ನಿಮ್ಮ ಪೂನಂಗ ಬ್ಯಾರೆ ರೂಮಿನಾಗ ಕೂಡ್ಸ್ಯಾರಲ್ಲ? ಯಾಕಂತ?" ಎಂದ. ಸುತ್ತಲಿನ ನಾಲ್ಕಾರು ಮುಖಗಳು ಇತ್ತ ತಿರುಗಿದವು. ಅವನಿಗೆ ಗೊತ್ತಿತ್ತು, ಗೊತ್ತಿದ್ದೇ ಕೇಳುತ್ತಿದ್ದ.

ಧನರಾಜ ಬಾಯಿ ತೆರೆದ. "ಜ್ವರ..." ಎಂದು ಶುರು ಮಾಡಿ ನಿಂತ. ಹಣೆಯ ವಿಭೂತಿ ಬೆವರಿಗೆ ಕರಗಿತ್ತು. ದಾರಿ ಕಾಣದವನಂತೆ ವಿಶಾಖಾಳತ್ತ ನೋಡಿದ. "ಮೇಡಂ ಇದ್ದಾರಲ್ರಿ, ಅವರೇ ಹೇಳ್ತಾರ."

ಎಲ್ಲರೂ ಅವಳನ್ನು ನೋಡಿದರು. ಕಾನೂನು, ಕಲಂ, ಲಕ್ಷಣ ಎಲ್ಲ ಅವಳ ನಾಲಿಗೆಯ ತುದಿಯಲ್ಲಿತ್ತು. ಅವಳು ಸೆರಗಿನಿಂದ ಮುಖ ಒರೆಸಿಕೊಂಡಳು.

"ಹೊರಗ ಬರ್ತಾಳಲ್ರಿ," ಎಂದಳು, "ಬಂದಮ್ಯಾಲ ಆಕಿನ್ನೇ ಕೇಳ್ರಿ. ನಮ್ಮಿಬ್ಬರಿಗಿಂತ ಚೊಲೋ ಹೇಳ್ತಾಳ."

ಶ್ರೀಮಂತ ಹೆಗಲು ಕುಣಿಸಿ ಗುಂಪಿನ ಆ ಕಡೆಗೆ ಸರಿದ. ಧನರಾಜ ಮೊಬೈಲು ಜೇಬಿಗಿಟ್ಟ.

ಬಿಸಿಲು ಏರಿತು. ಬೆಲ್ಲು ಹೊಡೆದಾಗ ಮಕ್ಕಳು ಕಟ್ಟೆಯೊಡೆದಂತೆ ಹೊರಗೆ ನುಗ್ಗಿದರು. ಆ ಪ್ರಶ್ನೆ ಬಂತಾ, ಈ ಪ್ರಶ್ನೆ ಬರೆದೆಯಾ ಎನ್ನುತ್ತ ಅಪ್ಪಂದಿರ ಗಾಡಿಗಳ ಹಿಂದೆ ಕೂತು ಹೋದರು. ಶ್ರೀಮಂತ ಇತ್ತೊಮ್ಮೆ ನೋಡಿ, ಮಗಳು ಅವಸರ ಮಾಡಿದ್ದರಿಂದ ಗಾಡಿ ಎಬ್ಬಿಸಿದ. ಸ್ವಲ್ಪ ಹೊತ್ತಿಗೆ ಮರದ ಕೆಳಗೆ ಕಬ್ಬಿನಹಾಲಿನ ಬಂಡಿಯವನೂ ಉಳಿಯಲಿಲ್ಲ. ಪೊಲೀಸಿನವನು ಹಗ್ಗದ ಒಂದು ತುದಿ ಬಿಚ್ಚಿ, ಇನ್ನೂ ಒಂದು ಕೋಣೆ ಮುಗಿದಿಲ್ಲವೆಂದು ಯಾರೋ ಹೇಳಿದ್ದರಿಂದ ಮತ್ತೆ ಕಟ್ಟಿದ.

"ಇನ್ನ ಎಷ್ಟು ಹೊತ್ತ್ರಿ?" ಎಂದ ಧನರಾಜ. ಅಂಗಡಿಯ ದಿನದ ಮೇಲೆ ಅವನು ಅವಳೊಡನೆ ತಾನಾಗಿ ಆಡಿದ ಮೊದಲ ಮಾತು.

"ಆಕಿಗೆ ಜಾಸ್ತಿ ಟೈಮದ್ರಿ."

ಅವನು ಹಗ್ಗದ ಹತ್ತಿರ ಬಂದು ನಿಂತ. ಖಾಲಿ ಅಂಗಳದಾಚೆ ಮೂಲೆಯ ಕೋಣೆಯ ಕಿಟಕಿ ಕಾಣುತ್ತಿತ್ತು. ಮಾತು ಇಲ್ಲಿಯವರೆಗೆ ಕೇಳುತ್ತಿರಲಿಲ್ಲ. ಬಾಗಿದ ಒಂದು ತಲೆ ಬರೆಯುತ್ತಿತ್ತು. ಅದರ ಪಕ್ಕದಲ್ಲಿ ಒಂದು ಕೈ ಗಾಳಿಯಲ್ಲಿ ಎದ್ದು, ತುಸು ತಡೆದು, ಬರೆಯುವವಳು ಮುಗಿಸಲೆಂದು ಕಾದು, ಮತ್ತೆ ಆಡತೊಡಗಿತು.